ಒಗ್ಗದ ಆಹಾರವೂ ಮನೆಯ ಬೂಸೂ: ಪುತ್ತೂರು, ಸುಳ್ಯ, ಕಡಬ ಸೀಮೆಗಳನ್ನು ಕುರಿತ ಒಂದು ವಿವೇಚನೆ

೧

ಕನ್ನಡದ ‘ಒಗ್ಗು’ ಎಂಬ ಧಾತುವಿಗೆ ಹೊಂದು, ಹಿಡಿಸು, ಮೈಗೂಡು ಎಂಬ ಅರ್ಥಗಳಿವೆ. ಆ ಊರಿನ ನೀರು ಒಗ್ಗಲಿಲ್ಲ, ಹೊಸ ಅಕ್ಕಿ ಒಗ್ಗಲಿಲ್ಲ, ಸೀಗಡಿ ಮೈಗೆ ಒಗ್ಗುವುದಿಲ್ಲ ಎಂದು ಜನರು ಆಡುವಾಗ ದೋಷವನ್ನು ವಸ್ತುವಿನ ಮೇಲೆಯೂ ಹೊರಿಸುವುದಿಲ್ಲ, ದೇಹದ ಮೇಲೆಯೂ ಹೊರಿಸುವುದಿಲ್ಲ; ಎರಡರ ನಡುವಣ ಸಂಬಂಧವು ಕೂಡಿಬರಲಿಲ್ಲವೆಂದಷ್ಟೇ ಹೇಳುತ್ತಾರೆ. ಆಯುರ್ವೇದದ ‘ಸಾತ್ಮ್ಯ’, ‘ಅಸಾತ್ಮ್ಯ’ ಎಂಬ ಶಬ್ದಗಳ ಹುರುಳೂ ಬಹುಮಟ್ಟಿಗೆ ಇದೇ. ೧೯೦೬ರಲ್ಲಿ ವಿಯೆನ್ನಾ ನಗರದ ಮಕ್ಕಳ ವೈದ್ಯನಾದ ಕ್ಲೆಮೆನ್ಸ್ ಫಾನ್ ಪಿರ್ಕೆ ಎಂಬಾತನು ‘ಬೇರೆ’ ಮತ್ತು ‘ಕೆಲಸ’ ಎಂಬರ್ಥಗಳುಳ್ಳ ಎರಡು ಗ್ರೀಕ್ ಶಬ್ದಗಳನ್ನು ಕೂಡಿಸಿ ‘ಅಲರ್ಜಿ’ ಎಂಬ ಪದವನ್ನು ನಿರ್ಮಿಸಿದನು. ಒಮ್ಮೆ ಪರಿಚಯವಾದ ಪರವಸ್ತುವಿಗೆ ದೇಹವು ಮರಳಿ ಎದುರಾದಾಗ ಬೇರೆ ಬಗೆಯಲ್ಲಿ ವರ್ತಿಸುವುದೆಂಬುದು ಅವನ ಅಭಿಪ್ರಾಯವಾಗಿತ್ತು. ಕನ್ನಡದ ‘ಒಗ್ಗದಿಕೆ’ ಎಂಬ ಮಾತು ಇದಕ್ಕೆ ತಕ್ಕ ಪರ್ಯಾಯವೇ ಸರಿ. ಆದರೆ ಮಾತು ವಿಶಾಲವಾದಷ್ಟೂ ಅದರೊಳಗೆ ಪರಸ್ಪರ ಸಂಬಂಧವಿಲ್ಲದ ಸಂಗತಿಗಳು ಸೇರಿಕೊಳ್ಳುವುವು. ಹಾಗೆ ಸೇರಿಕೊಂಡುದನ್ನು ಬಿಡಿಸಿ ನೋಡದಿದ್ದರೆ ಔಷಧವೂ ಪಥ್ಯವೂ ತಪ್ಪುದಾರಿ ಹಿಡಿಯುವುವು.

ದಕ್ಷಿಣ ಕನ್ನಡ ಜಿಲ್ಲೆಯ ಪುತ್ತೂರು, ಸುಳ್ಯ ಮತ್ತು ಈಚೆಗೆ ಅವೆರಡರ ಗ್ರಾಮಗಳಿಂದ ರಚಿತವಾದ ಕಡಬ ತಾಲೂಕುಗಳಲ್ಲಿ ಈ ವಿವೇಚನೆಗೆ ವಿಶೇಷ ಪ್ರಯೋಜನವುಂಟು. ಪಶ್ಚಿಮಘಟ್ಟದ ತಪ್ಪಲಿನಲ್ಲಿ ಕುಮಾರಧಾರಾ, ಪಯಸ್ವಿನಿ ನದಿಗಳ ಬಯಲುಗಳಿಗೆ ಹೊಂದಿಕೊಂಡಿರುವ ಈ ಸೀಮೆಯಲ್ಲಿ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನ ಆಸುಪಾಸಿನಲ್ಲಿ ಮಳೆಯಾಗುತ್ತದೆ. ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿನವರೆಗಿನ ನಾಲ್ಕು ತಿಂಗಳುಗಳಲ್ಲಿಯೇ ಸುರಿಯುವುದು. ಅಡಿಕೆ, ತೆಂಗು, ಗೇರು, ಕಾಳುಮೆಣಸು, ರಬ್ಬರುಗಳ ತೋಟಗಳ ನಡುವೆ ಒಂಟಿಯಾಗಿ ನಿಂತ ಮನೆಗಳಲ್ಲಿ ಆಟಿ ತಿಂಗಳು ಬರುವ ವೇಳೆಗೆ ಬಟ್ಟೆಯೊಣಗದು, ಗೋಡೆ ಬೆವರುವುದು, ಚರ್ಮದ ಚಪ್ಪಲಿಯ ಮೇಲೂ ಪುಸ್ತಕದ ರಟ್ಟಿನ ಮೇಲೂ ಬೂದುಬಣ್ಣದ ಪುಡಿ ಕೂರುವುದು. ಇದನ್ನೇ ಬೂಸು, ಬೂಷ್ಟು, ಬೂಸರು ಎಂದು ಊರೂರಿನಲ್ಲಿ ಬೇರೆ ಬೇರೆಯಾಗಿ ಕರೆಯುವರು. ಅದೇ ಕಾಲದಲ್ಲಿ ಮನೆಯ ಮಗುವಿಗೆ ಕೆಮ್ಮು, ಉಬ್ಬಸ, ಮೈಕೆರೆತಗಳು ತೋರಿದರೆ ಮೊದಲು ಆರೋಪಕ್ಕೆ ಗುರಿಯಾಗುವುದು ಆಹಾರ. ಬಾಳೆಹಣ್ಣು ಶೀತ, ಮೊಸರು ಶೀತ, ಮುಳ್ಳುಸೌತೆ ಶೀತ, ಹಲಸು ನಂಜು ಎಂದು ಒಂದೊಂದಾಗಿ ಎಲೆಯಿಂದ ತೆಗೆಯಲ್ಪಡುವುವು. ಮಗುವು ಮಲಗುವ ಕೋಣೆಯ ಗೋಡೆಯನ್ನು ಮಾತ್ರ ಯಾರೂ ವಿಚಾರಣೆಗೆ ಗುರಿಪಡಿಸರು. ಹೀಗಾಗಿ ಬೆಳೆಯುವ ಮಗುವಿಗೆ ಬೇಕಾದ ಆಹಾರವು ತಪ್ಪಿಹೋಗಿ, ರೋಗದ ನಿಜವಾದ ಕಾರಣವು ಇದ್ದಲ್ಲಿಯೇ ಉಳಿಯುವ ಸಂಭವವುಂಟು. ಎಲೆಯ ಮೇಲಿನ ದೋಷ ಯಾವುದು, ಗೋಡೆಯ ಮೇಲಿನ ದೋಷ ಯಾವುದು ಎಂಬುದನ್ನು ಪ್ರತ್ಯೇಕಿಸಿ ನೋಡುವುದು ಈ ಕಾರಣದಿಂದ ಅವಶ್ಯಕವಾಗಿದೆ.

೨

ಮೊದಲು, ಅಲರ್ಜಿಯಂತೆ ತೋರಿಯೂ ಅಲರ್ಜಿಯಲ್ಲದ ಸಂಗತಿಗಳನ್ನು ನೋಡಬೇಕು. ಇದಕ್ಕೆ ಈ ಸೀಮೆಯ ಅಡುಗೆಮನೆಯಲ್ಲಿಯೇ ಉದಾಹರಣೆಗಳು ದೊರೆಯುವುವು.

ಮಳೆಗಾಲದ ಪ್ರಿಯ ಭಕ್ಷ್ಯವಾದ ಪತ್ರೊಡೆಗೆ ಕೆಸುವಿನ ಎಲೆ ಬೇಕು. ಸರಿಯಾಗಿ ಬೇಯದ ಕೆಸುವು ನಾಲಗೆಯನ್ನೂ ಗಂಟಲನ್ನೂ ತುರಿಸುವುದು ಎಲ್ಲರಿಗೂ ತಿಳಿದ ವಿಷಯ. ಆ ಎಲೆಯಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಾಕಾರದ ಹರಳುಗಳು ಕಟ್ಟುಕಟ್ಟಾಗಿದ್ದು, ಅವು ಬಾಯಿಯ ಮೃದುಚರ್ಮವನ್ನು ಚುಚ್ಚುವುದೇ ತುರಿಕೆಗೆ ಮುಖ್ಯ ಕಾರಣ. ಸುವರ್ಣಗೆಡ್ಡೆಯ ತುರಿಕೆಯೂ ಇದೇ ಜಾತಿಯದು. ಹುಳಿ ಸೇರಿಸಿ ಚೆನ್ನಾಗಿ ಬೇಯಿಸುವ ಪದ್ಧತಿಯು ಈ ಕೆರಳಿಕೆಯನ್ನು ತಗ್ಗಿಸುವ ಅನುಭವಸಿದ್ಧವಾದ ಉಪಾಯ. ಈ ತುರಿಕೆಯು ತಿಂದವರಿಗೆಲ್ಲ ಆಗತಕ್ಕುದು. ಒಬ್ಬರಿಗಾಗಿ ಮತ್ತೊಬ್ಬರಿಗಾಗದಿರುವುದು ಅಲರ್ಜಿಯ ಲಕ್ಷಣ. ಆದುದರಿಂದ ಕೆಸುವಿನ ತುರಿಕೆಯನ್ನು ಅಲರ್ಜಿಯೆನ್ನಲಾಗದು.

ಎರಡನೆಯದು ಬಂಗುಡೆ ಮೀನಿನ ಸಂಗತಿ. ಕಡಲತೀರದಿಂದ ಬಂದ ಮೀನು ಹಿಮದಲ್ಲಿ ಸರಿಯಾಗಿ ಇಡಲ್ಪಡದೆ ಬಿಸಿಲಿನ ದಾರಿಯಲ್ಲಿ ಒಳನಾಡಿಗೆ ತಲಪಿದರೆ, ಅದರಲ್ಲಿರುವ ಹಿಸ್ಟಿಡಿನ್ ಎಂಬ ವಸ್ತುವನ್ನು ಬ್ಯಾಕ್ಟೀರಿಯಗಳು ಹಿಸ್ಟಮಿನ್ ಆಗಿ ಮಾರ್ಪಡಿಸುವುವು. ಅಂಥ ಮೀನನ್ನು ತಿಂದ ಕೆಲವು ನಿಮಿಷಗಳಲ್ಲಿಯೇ ಮುಖ ಕೆಂಪಾಗಿ, ಮೈಮೇಲೆ ಗಂಧೆಗಳೆದ್ದು, ತಲೆನೋವು ವಾಂತಿಗಳಾಗಬಹುದು. ಬೇಯಿಸುವುದರಿಂದಾಗಲಿ ಹುರಿಯುವುದರಿಂದಾಗಲಿ ಹಿಸ್ಟಮಿನ್ ನಾಶವಾಗುವುದಿಲ್ಲ. ಇದು ಹಳಸಿದ ಮೀನಿನ ವಿಷ; ಮೀನಿನ ಅಲರ್ಜಿಯಲ್ಲ. ಒಂದೇ ಮೀನನ್ನು ಹಂಚಿ ತಿಂದ ಹಲವರಿಗೆ ಒಮ್ಮೆಗೇ ಹೀಗಾದರೆ ವಿಷವೆಂದೂ, ತಾಜಾ ಮೀನು ತಿಂದಾಗಲೂ ಒಬ್ಬರಿಗೇ ಮತ್ತೆ ಮತ್ತೆ ಹೀಗಾದರೆ ಅಲರ್ಜಿಯೆಂದೂ ಶಂಕಿಸಬೇಕು. ಹದಿನಾಲ್ಕನೆಯ ಶತಮಾನದ ಮಂಗರಾಜನ ‘ಖಗೇಂದ್ರಮಣಿದರ್ಪಣ’ವು ವಿಷಗಳನ್ನೂ ಅವುಗಳ ಪ್ರತೀಕಾರಗಳನ್ನೂ ಕುರಿತ ಕನ್ನಡ ಗ್ರಂಥವೆಂಬುದನ್ನು ವಿದ್ವಾಂಸರು ಬಲ್ಲರು. ವಿಷವು ಯಾರನ್ನಾದರೂ ಬಾಧಿಸತಕ್ಕುದು. ಅಲರ್ಜಿಯಲ್ಲಾದರೋ ಇತರರಿಗೆ ಅಮೃತವಾದುದೇ ಒಬ್ಬನಿಗೆ ವಿಷವಾಗುವುದು. ಈ ಭೇದವನ್ನು ಮರೆತರೆ ಎರಡಕ್ಕೂ ‘ನಂಜು’ ಎಂಬ ಒಂದೇ ಹೆಸರು ಬೀಳುವುದು.

ಮೂರನೆಯದು ಹಾಲಿನದು. ಹಾಲು ಕುಡಿದರೆ ಹೊಟ್ಟೆಯುಬ್ಬರ, ಭೇದಿಗಳಾಗುವವರಲ್ಲಿ ಹಲವರಿಗೆ ಹಾಲಿನ ಸಕ್ಕರೆಯನ್ನು ಜೀರ್ಣಿಸುವ ಕಿಣ್ವದ ಕೊರತೆಯಿರುತ್ತದೆ. ದಕ್ಷಿಣ ಭಾರತದ ವಯಸ್ಕರಲ್ಲಿ ಇದು ಸಾಮಾನ್ಯ. ಇಂಥವರು ಮೊಸರನ್ನು ಮಜ್ಜಿಗೆಯನ್ನು ಬಹುಮಟ್ಟಿಗೆ ತಾಳಿಕೊಳ್ಳುವರು. ಹಾಲಿನ ಪ್ರೋಟೀನಿಗೆ ನಿಜವಾದ ಅಲರ್ಜಿಯುಳ್ಳ ಮಗುವಿಗಾದರೋ ಮೊಸರು ಮಜ್ಜಿಗೆಗಳೂ ಅಪಾಯಕರ. ಹಾಲು ಮೀನುಗಳ ಕೂಟವನ್ನು ಚರಕಸಂಹಿತೆಯು ವಿರುದ್ಧಾಹಾರಗಳಲ್ಲಿ ಎಣಿಸಿದೆ. ಆದರೆ ಅಲರ್ಜಿಯ ದೃಷ್ಟಿಯಿಂದ ಕೂಟವು ಮುಖ್ಯವಲ್ಲ, ಹಾಲೋ ಮೀನೋ ಒಂದೇ ಸಾಕು.

ನಾಲ್ಕನೆಯದು ಗೇರು ಮತ್ತು ಚೇರೆ ಮರಗಳದು. ಚೇರೆಯ ಸೊನೆ ತಾಗಿದವರಿಗೆ ಒಂದೆರಡು ದಿನಗಳ ಮೇಲೆ ಮೈಯುಬ್ಬಿ ಗುಳ್ಳೆಗಳೇಳುವುದು ಕಾಡಂಚಿನ ಜನರ ಅನುಭವ. ಗೇರುಬೀಜದ ಸಿಪ್ಪೆಯ ಎಣ್ಣೆಯೂ ಚರ್ಮವನ್ನು ಸುಡುವುದು. ಗೇರು, ಚೇರೆ, ಮಾವುಗಳು ಒಂದೇ ಸಸ್ಯಕುಟುಂಬಕ್ಕೆ ಸೇರಿದುವು. ಸೊನೆಯಿಂದಾಗುವ ಈ ತಡವಾದ ಗುಳ್ಳೆ ಅಲರ್ಜಿಯೇ ಹೌದು. ಆದರೆ ಅದು ಚರ್ಮದ ಸ್ಪರ್ಶದಿಂದ ಹುಟ್ಟುವುದು, ರಕ್ತದ ಬಿಳಿಯ ಕಣಗಳ ಮೂಲಕ ನಡೆಯುವುದು, ನಿಧಾನವಾಗಿ ತೋರುವುದು. ಗೇರಿನ ತಿರುಳನ್ನು ತಿಂದೊಡನೆ ಆಗುವ ಅಲರ್ಜಿಯು ಬೇರೊಂದು ಬಗೆಯದು. ಅದಕ್ಕೆ ಕಾರಣ ತಿರುಳಿನ ಪ್ರೋಟೀನು, ಸಿಪ್ಪೆಯ ಎಣ್ಣೆಯಲ್ಲ.

೩

ಶೀಘ್ರವಾಗಿ ತೋರುವ ಈ ನಿಜವಾದ ಆಹಾರದ ಅಲರ್ಜಿಯ ಗುಟ್ಟು ಹೊರಬಿದ್ದುದು ಒಂದು ವಿಚಿತ್ರ ಪ್ರಯೋಗದಿಂದ. ಜರ್ಮನಿಯ ವೈದ್ಯನಾದ ಹೈಂಜ್ ಕ್ಯುಸ್ಟ್ನರನಿಗೆ ಬೇಯಿಸಿದ ಮೀನು ಒಗ್ಗುತ್ತಿರಲಿಲ್ಲ. ಅವನ ಸಹೋದ್ಯೋಗಿಯಾದ ಕಾರ್ಲ್ ಪ್ರಾಸ್ನಿಟ್ಸನು ಕ್ಯುಸ್ಟ್ನರನ ರಕ್ತದ ತಿಳಿಯನ್ನು ತನ್ನ ಹೊಟ್ಟೆಯ ಚರ್ಮಕ್ಕೆ ಚುಚ್ಚಿಸಿಕೊಂಡು, ಮರುದಿನ ಅದೇ ಸ್ಥಳಕ್ಕೆ ಮೀನಿನ ಸಾರವನ್ನು ಚುಚ್ಚಿಸಿದನು. ಎಂದೂ ಮೀನಿನ ತೊಂದರೆಯನ್ನರಿಯದ ಪ್ರಾಸ್ನಿಟ್ಸನ ಚರ್ಮದ ಮೇಲೆ ಆ ಒಂದು ಸ್ಥಳದಲ್ಲಿ ಗಂಧೆಯೆದ್ದಿತು. ೧೯೨೧ರಲ್ಲಿ ಪ್ರಕಟವಾದ ಈ ಪ್ರಯೋಗದಿಂದ, ಒಗ್ಗದಿಕೆಯನ್ನು ಹೊತ್ತಿರುವ ವಸ್ತುವು ರಕ್ತದಲ್ಲಿದೆಯೆಂಬುದು ಖಚಿತವಾಯಿತು. ಆ ವಸ್ತುವು ಯಾವುದೆಂದು ತಿಳಿಯಲು ಇನ್ನೂ ನಾಲ್ವತ್ತೈದು ವರ್ಷಗಳು ಬೇಕಾದುವು. ೧೯೬೬-೬೭ರಲ್ಲಿ ಇಷಿಜಾಕಾ ದಂಪತಿಗಳೂ, ಸ್ವೀಡನ್ನಿನಲ್ಲಿ ಯೊಹಾನ್ಸನ್ ಮತ್ತು ಬೆನ್ನಿಕ್ ಎಂಬವರೂ ಬೇರೆ ಬೇರೆಯಾಗಿ ಶೋಧಿಸಿದ ಆ ಪ್ರತಿಕಾಯಕ್ಕೆ ೧೯೬೮ರಲ್ಲಿ ‘ಇಮ್ಯುನೋಗ್ಲಾಬ್ಯುಲಿನ್ ಇ’ ಎಂದು ನಾಮಕರಣವಾಯಿತು. ಸಂಕ್ಷೇಪವಾಗಿ ‘ಐಜಿಇ’ ಎನ್ನುವರು.

ಇದರ ಕೆಲಸವು ಹೀಗೆ ನಡೆಯುವುದು. ಮೊದಲ ಪರಿಚಯದಲ್ಲಿ ದೇಹವು ಒಂದು ಪ್ರೋಟೀನನ್ನು ಶತ್ರುವೆಂದು ತಪ್ಪಾಗಿ ಗ್ರಹಿಸಿ ಅದಕ್ಕೆಂದೇ ಐಜಿಇಯನ್ನು ತಯಾರಿಸುವುದು. ಆ ಐಜಿಇಯು ಚರ್ಮ, ಮೂಗು, ಶ್ವಾಸನಾಳ, ಕರುಳುಗಳಲ್ಲಿರುವ ಮಾಸ್ಟ್ ಕೋಶಗಳ ಮೈಗೆ ಅಂಟಿ ಕಾದುಕೊಂಡಿರುವುದು. ಅದೇ ಪ್ರೋಟೀನು ಮತ್ತೆ ಬಂದಾಗ ಆ ಕೋಶಗಳು ಒಡೆದಂತಾಗಿ ಹಿಸ್ಟಮಿನ್ ಮೊದಲಾದ ವಸ್ತುಗಳನ್ನು ಚೆಲ್ಲುವುವು. ಚರ್ಮದಲ್ಲಿ ಚೆಲ್ಲಿದರೆ ಪಿತ್ತದ ಗಂಧೆ, ಮೂಗಿನಲ್ಲಾದರೆ ಸೀನು, ಶ್ವಾಸನಾಳದಲ್ಲಾದರೆ ಉಬ್ಬಸ, ಕರುಳಿನಲ್ಲಾದರೆ ವಾಂತಿಭೇದಿ. ಎಲ್ಲೆಡೆಯಲ್ಲಿಯೂ ಒಮ್ಮೆಗೇ ಆದರೆ ರಕ್ತದ ಒತ್ತಡವು ಕುಸಿದು ಪ್ರಾಣಾಪಾಯ. ಈ ಕೊನೆಯ ಸ್ಥಿತಿಗೆ ‘ಅನಾಫಿಲಾಕ್ಸಿಸ್’ ಎಂದು ಹೆಸರು. ಇದನ್ನು ಕುರಿತ ಶೋಧನೆಗಾಗಿ ಫ್ರಾನ್ಸಿನ ಷಾರ್ಲ್ ರಿಷೆಗೆ ೧೯೧೩ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ಮಾಧವನಿದಾನದಲ್ಲಿ ‘ಶೀತಪಿತ್ತ’ವೆಂಬ ಹೆಸರಿನಿಂದ ವರ್ಣಿತವಾದ, ಕಣಜ ಕಚ್ಚಿದಂತೆ ಏಳುವ ಬಾವುಗಳು ಇಂದಿನ ಗಂಧೆಯ ವರ್ಣನೆಗೆ ಬಹಳ ಸಮೀಪವಾಗಿವೆ. ಲಕ್ಷಣವನ್ನು ಪೂರ್ವಿಕರು ಕಂಡಿದ್ದರು. ಕಾರಣದ ಸೂತ್ರವು ಮಾತ್ರ ಈಚಿನದು.

೪

ಈ ಸೀಮೆಯ ಆಹಾರದಲ್ಲಿ ನಿಜವಾದ ಅಲರ್ಜಿಗೆ ಆಸ್ಪದವಾಗಬಲ್ಲ ಪದಾರ್ಥಗಳು ಸೀಗಡಿ, ಏಡಿ, ಮೀನು, ಮೊಟ್ಟೆ, ಹಸುವಿನ ಹಾಲು, ನೆಲಗಡಲೆ, ಗೇರಿನ ತಿರುಳು ಮುಂತಾದುವು. ಸೀಗಡಿಯ ಮುಖ್ಯ ಅಲರ್ಜಿಜನಕವಾದ ಟ್ರೋಪೊಮಯೋಸಿನ್ ಎಂಬ ಪ್ರೋಟೀನು ಬೇಯಿಸಿದರೂ ಕೆಡುವುದಿಲ್ಲ. ಅದಕ್ಕೆ ಹೋಲುವ ಪ್ರೋಟೀನು ಜಿರಳೆಯಲ್ಲಿಯೂ ಮನೆಯ ಧೂಳಿನ ನುಸಿಯಲ್ಲಿಯೂ ಇದೆ; ಆದುದರಿಂದ ನುಸಿಗೆ ಒಗ್ಗದವರ ರಕ್ತವು ಸೀಗಡಿಯ ಪರೀಕ್ಷೆಯಲ್ಲಿಯೂ ‘ಹೌದು’ ಎನ್ನುವ ಸಂದರ್ಭಗಳುಂಟು. ಗೇರು ಈ ನಾಡಿನ ವಾಣಿಜ್ಯದ ಬೆಳೆ. ಗೇರು ಸಂಶೋಧನೆಯ ರಾಷ್ಟ್ರೀಯ ಸಂಸ್ಥೆಯು ೧೯೮೬ರಿಂದ ಪುತ್ತೂರಿನಲ್ಲಿದೆ. ಗೇರಿನ ತಿರುಳಿಗೆ ಅಲರ್ಜಿಯುಳ್ಳವರು ಸಂಖ್ಯೆಯಲ್ಲಿ ಸ್ವಲ್ಪವಾದರೂ ಅವರಲ್ಲಿ ಪ್ರತಿಕ್ರಿಯೆಯು ತೀವ್ರವಾಗಿರುವುದುಂಟು. ಪಾಯಸಕ್ಕೆ ಹಾಕಿದ ನಾಲ್ಕು ಚೂರುಗಳೇ ಸಾಕಾಗಬಹುದು. ರಬ್ಬರಿನ ಸಂಗತಿಯೂ ಗಮನಾರ್ಹ. ರಬ್ಬರು ಹಾಲಿನ ಪ್ರೋಟೀನಿಗೆ ಅಲರ್ಜಿಯುಳ್ಳವರಲ್ಲಿ ಕೆಲವರಿಗೆ ಬಾಳೆಹಣ್ಣು, ಪಪ್ಪಾಯಿ, ಬೆಣ್ಣೆಹಣ್ಣುಗಳು ಬಾಯಿತುರಿಕೆಯನ್ನೋ ಹೆಚ್ಚಿನ ತೊಂದರೆಯನ್ನೋ ಉಂಟುಮಾಡುವುವು. ಆ ಹಣ್ಣುಗಳಲ್ಲಿಯೂ ರಬ್ಬರು ಹಾಲಿನಲ್ಲಿಯೂ ಒಂದಕ್ಕೊಂದು ಹೋಲುವ ಪ್ರೋಟೀನುಗಳಿರುವುದೇ ಇದಕ್ಕೆ ಕಾರಣ. ಬಾಳೆಹಣ್ಣು ಒಗ್ಗದೆಂಬ ಮಾತಿಗೆ ಹೀಗೆ ಒಂದು ನಿಜವಾದ ಆಧಾರವೂ ಇರಬಹುದು. ಆದರೆ ಆ ಆಧಾರವು ‘ಶೀತ’ವಲ್ಲ.

ಅಲರ್ಜಿಯು ಎಷ್ಟು ಜನರಲ್ಲಿದೆಯೆಂಬ ಪ್ರಶ್ನೆಗೆ ಕರ್ನಾಟಕದಲ್ಲಿಯೇ ನಡೆದ ಒಂದು ಸಮೀಕ್ಷೆಯು ಬೆಳಕು ಬೀರುತ್ತದೆ. ಐರೋಪ್ಯ ಸಂಶೋಧಕರೊಡನೆ ಸೇರಿ ನಡೆಸಿದ, ೧೯೧೬ರ ಬಳಿಕ ನೂರು ವರ್ಷಗಳಿಗೆ, ಎಂದರೆ ೨೦೧೬ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಹನ್ನೊಂದು ಸಾವಿರಕ್ಕೂ ಮೇಲ್ಪಟ್ಟ ವಯಸ್ಕರನ್ನು ಪ್ರಶ್ನಿಸಿ, ಅವರಲ್ಲಿ ಆಯ್ದವರ ರಕ್ತವನ್ನು ಪರೀಕ್ಷಿಸಲಾಯಿತು. ಯಾವುದಾದರೊಂದು ಆಹಾರಕ್ಕೆ ಐಜಿಇ ಇದ್ದವರು ನೂರಕ್ಕೆ ಸುಮಾರು ೨೬; ಲಕ್ಷಣವೂ ಐಜಿಇಯೂ ಕೂಡಿ, ಅಲರ್ಜಿಯು ಇರಬಹುದೆಂದು ಹೇಳಬಹುದಾದವರು ನೂರಕ್ಕೆ ಸುಮಾರು ೧.೨ ಮಾತ್ರ. ಈ ಎರಡು ಸಂಖ್ಯೆಗಳ ನಡುವಣ ಅಂತರವೇ ಇಲ್ಲಿನ ಮುಖ್ಯ ಪಾಠ. ರಕ್ತದಲ್ಲಿ ಪ್ರತಿಕಾಯವಿದ್ದ ಮಾತ್ರಕ್ಕೆ ರೋಗವಿದೆಯೆಂದಲ್ಲ. ಲಕ್ಷಣಗಳ ಚರಿತ್ರೆಯಿಲ್ಲದೆ ಹತ್ತಾರು ಆಹಾರಗಳ ರಕ್ತಪರೀಕ್ಷೆಯನ್ನು ಮಾಡಿಸಿ, ‘ಹೌದು’ ಎಂದು ಬಂದುದನ್ನೆಲ್ಲ ತ್ಯಜಿಸಿದರೆ ನಾಲ್ವರಲ್ಲಿ ಒಬ್ಬನು ಕಾರಣವಿಲ್ಲದೆ ಪಥ್ಯ ಹಿಡಿಯಬೇಕಾದೀತು. ಏನನ್ನು, ಎಷ್ಟು ತಿಂದು, ಎಷ್ಟು ಹೊತ್ತಿನ ಮೇಲೆ, ಏನಾಯಿತು, ಮತ್ತೆ ತಿಂದಾಗಲೂ ಆಯಿತೇ ಎಂಬ ಐದು ಪ್ರಶ್ನೆಗಳಿಗೆ ಉತ್ತರವನ್ನು ಬರೆದಿಟ್ಟು ವೈದ್ಯನಿಗೆ ತೋರಿಸುವುದು ಯಾವ ಪರೀಕ್ಷೆಗಿಂತಲೂ ಮೊದಲಿನ ಕೆಲಸ. ಐಜಿಇಯ ಅಲರ್ಜಿಯು ಸಾಮಾನ್ಯವಾಗಿ ಕೆಲವು ನಿಮಿಷಗಳಿಂದ ಎರಡು ಗಂಟೆಗಳೊಳಗೆ ತೋರುವುದು. ವಾರಗಟ್ಟಲೆ ಎಡೆಬಿಡದೆ ಇರುವ ಕೆಮ್ಮಿಗೆ ಆಹಾರವು ಕಾರಣವಾಗುವುದು ವಿರಳ.

ಶಿಶುಗಳ ವಿಷಯದಲ್ಲಿಯೂ ಅಭಿಪ್ರಾಯವು ಬದಲಾಗಿದೆ. ಅಪಾಯಕರ ಆಹಾರಗಳನ್ನು ತಡವಾಗಿ ಕೊಡಬೇಕೆಂಬ ಹಿಂದಿನ ಸಲಹೆಯನ್ನು ೨೦೧೫ರಲ್ಲಿ ಪ್ರಕಟವಾದ ಲಂಡನ್ನಿನ ಒಂದು ಪ್ರಯೋಗವು ತಲೆಕೆಳಗು ಮಾಡಿತು. ಅಲರ್ಜಿಯ ಸಂಭವವು ಹೆಚ್ಚಾಗಿದ್ದ ೬೪೦ ಶಿಶುಗಳಲ್ಲಿ ನೆಲಗಡಲೆಯನ್ನು ಮೊದಲಿನಿಂದಲೇ ತಿಂದವರಿಗೆ ಐದನೆಯ ವರ್ಷದಲ್ಲಿ ಅಲರ್ಜಿಯು, ತಿನ್ನದವರಿಗಿಂತ ಐದರಲ್ಲಿ ನಾಲ್ಕು ಪಾಲಿನಷ್ಟು ಕಡಮೆಯಾಗಿತ್ತು. ಈಗ ಆರು ತಿಂಗಳ ಸುಮಾರಿಗೆ ಇತರ ಮೆತ್ತನೆಯ ಆಹಾರದೊಡನೆ ಮೊಟ್ಟೆ, ನೆಲಗಡಲೆಗಳನ್ನೂ ನುಣ್ಣಗೆ ಮಾಡಿ ಕೊಡಬಹುದೆನ್ನುವರು. ತೀವ್ರವಾದ ಕಜ್ಜಿಯುಳ್ಳ ಮಗುವಿಗೆ ಮಾತ್ರ ವೈದ್ಯನ ಸಲಹೆಯನ್ನು ಮೊದಲು ಪಡೆಯಬೇಕು.

ಅಲರ್ಜಿಯು ನಿಶ್ಚಿತವಾದವರಿಗೆ ಎರಡು ಎಚ್ಚರಿಕೆಗಳು ಅವಶ್ಯ. ಒಂದು, ಪೊಟ್ಟಣದ ಆಹಾರದ ಮೇಲಿನ ಬರೆಹವನ್ನು ಓದುವುದು. ಆಹಾರ ಸುರಕ್ಷತೆಯ ೨೦೨೦ರ ನಿಯಮಗಳ ಪ್ರಕಾರ ಗೋಧಿಯೇ ಮೊದಲಾದ ಗ್ಲುಟೆನ್ ಧಾನ್ಯ, ಸೀಗಡಿಯ ಜಾತಿ, ಮೀನು, ಮೊಟ್ಟೆ, ಹಾಲು, ನೆಲಗಡಲೆ, ಗೇರಿನಂಥ ಬೀಜಗಳು, ಸೋಯಾ ಇವುಗಳಿದ್ದರೆ ಪೊಟ್ಟಣದ ಮೇಲೆ ತಿಳಿಸಲೇಬೇಕು. ಎರಡು, ಉಸಿರು ಕಟ್ಟುವಿಕೆ, ಧ್ವನಿ ಬೀಳುವಿಕೆ, ಕಣ್ಣುಕತ್ತಲೆ ತೋರಿದೊಡನೆ ತೊಡೆಯ ಹೊರಬದಿಯ ಸ್ನಾಯುವಿಗೆ ಅಡ್ರಿನಲಿನ್ ಚುಚ್ಚುಮದ್ದು ಬೀಳಬೇಕು. ಗಂಧೆಗೆ ಕೊಡುವ ಮಾತ್ರೆಯು ಇದಕ್ಕೆ ಬದಲಾಗದು. ರೋಗಿಯನ್ನು ಎಬ್ಬಿಸಿ ನಡೆಸದೆ ಮಲಗಿಸಿ ಕಾಲುಗಳನ್ನು ಎತ್ತರಿಸಬೇಕು. ಉಸಿರಾಟವೇ ಕಷ್ಟವಾದರೆ ಕುಳ್ಳಿರಿಸಬಹುದು. ಘಟ್ಟದ ತಪ್ಪಲಿನ ಹಳ್ಳಿಗಳಿಂದ ಪುತ್ತೂರಿನ ಇಲ್ಲವೆ ಸುಳ್ಯದ ಆಸ್ಪತ್ರೆಗೆ ಮಳೆಗಾಲದ ದಾರಿಯು ದೀರ್ಘವಾದುದರಿಂದ, ೧೦೮ಕ್ಕೆ ಕರೆ ಮಾಡುವುದರೊಡನೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದ ವಿಚಾರವನ್ನು ಮೊದಲೇ ತಿಳಿದಿರುವುದು ಒಳ್ಳೆಯದು.

೫

ಇನ್ನು ಗೋಡೆಯ ವಿಚಾರ. ಬೂಸನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಚಿತ್ರಿಸಿದವರಲ್ಲಿ ಮೊದಲಿಗನಾದ ರಾಬರ್ಟ್ ಹುಕ್ಕನು ೧೬೬೫ರ ತನ್ನ ಗ್ರಂಥದಲ್ಲಿ ವರ್ಣಿಸಿದುದು ಒಂದು ಪುಸ್ತಕದ ಚರ್ಮದ ರಟ್ಟಿನ ಮೇಲೆ ಬೆಳೆದ ಬೂಸನ್ನೇ. ಗ್ರಂಥಸಂಗ್ರಹವುಳ್ಳವರಿಗೆ ಇದು ಅಪರಿಚಿತವಾದ ದೃಶ್ಯವಲ್ಲ. ೧೭೨೯ರಲ್ಲಿ ಇಟಲಿಯ ಪಾದ್ರಿಯೂ ಸಸ್ಯಶಾಸ್ತ್ರಜ್ಞನೂ ಆದ ಮಿಕೆಲಿಯು ಒಂದು ಬೂಸಿನ ತಲೆಯು ಇಗರ್ಜಿಯಲ್ಲಿ ತೀರ್ಥ ಚಿಮುಕಿಸುವ ಉಪಕರಣದಂತಿರುವುದನ್ನು ಕಂಡು ಅದಕ್ಕೆ ‘ಆಸ್ಪರ್ಜಿಲಸ್’ ಎಂದು ಹೆಸರಿಟ್ಟನು. ೧೮೭೩ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಬ್ಲಾಕ್ಲಿಯು ಬೂಸಿನ ಬೀಜಕಗಳನ್ನು ಉಸಿರಾಡಿ ತನಗೆ ಧ್ವನಿಯೊಡೆದು ಶ್ವಾಸನಾಳದ ನೆಗಡಿಯಾದುದನ್ನು ದಾಖಲಿಸಿದನು. ಬೂಸಿಗೂ ಉಬ್ಬಸಕ್ಕೂ ಇರುವ ಸಂಬಂಧದ ಶೋಧನೆಯು ಹೀಗೆ ಆರಂಭವಾಯಿತು. ತೇವವೂ ಬೂಸೂ ಇರುವ ಮನೆಗಳಲ್ಲಿ ಕೆಮ್ಮು, ಉಬ್ಬಸಗಳು ಹೆಚ್ಚೆಂಬುದನ್ನು ವಿಶ್ವ ಆರೋಗ್ಯ ಸಂಸ್ಥೆಯು ೨೦೦೯ರಲ್ಲಿ ಹೊರಡಿಸಿದ ಮಾರ್ಗದರ್ಶಿಯಲ್ಲಿ ಸ್ಪಷ್ಟವಾಗಿ ಅಂಗೀಕರಿಸಿದೆ.

ಬೂಸು ಅಣಬೆಯ ಬಂಧು. ಅದರ ನೂಲಿನಂತಹ ತಂತುಗಳು ಮರ, ಕಾಗದ, ಬಟ್ಟೆ, ಬಣ್ಣ, ಧೂಳುಗಳಲ್ಲಿ ಹರಡಿ ಆಹಾರವನ್ನು ಹೀರುವುವು. ಬೀಜಕಗಳು ಗಾಳಿಯಲ್ಲಿ ತೇಲುವುವು. ಆಸ್ಪರ್ಜಿಲಸಿನ ಬೀಜಕದ ಅಡ್ಡಳತೆ ಒಂದು ಮಿಲಿಮೀಟರಿನ ಸಾವಿರದಲ್ಲಿ ಎರಡು ಮೂರು ಪಾಲು ಮಾತ್ರ. ಆದುದರಿಂದ ಅದು ಶ್ವಾಸಕೋಶದ ಆಳಕ್ಕೆ ಇಳಿಯಬಲ್ಲುದು. ಉಬ್ಬಸದ ಕೆಲವು ರೋಗಿಗಳಲ್ಲಿ ಈ ಬೂಸು ಶ್ವಾಸನಾಳದಲ್ಲಿಯೇ ನೆಲಸಿ ತೀವ್ರವಾದ ಅಲರ್ಜಿಯನ್ನು ಹುಟ್ಟಿಸುವುದುಂಟು. ೧೯೫೨ರಲ್ಲಿ ಮೊದಲು ವರ್ಣಿತವಾದ ಈ ರೋಗವನ್ನು ಭಾರತದಲ್ಲಿ ಕ್ಷಯವೆಂದು ಭ್ರಮಿಸಿ ತಿಂಗಳುಗಟ್ಟಲೆ ಬೇರೆ ಔಷಧ ಕೊಟ್ಟ ನಿದರ್ಶನಗಳು ವೈದ್ಯಸಾಹಿತ್ಯದಲ್ಲಿ ಹಲವಾರಿವೆ. ಇನ್ನೊಂದು ಮಾತು: ಬೂಸಿನ ಬೀಜಕವು ಸತ್ತರೂ ಅದರ ಪ್ರೋಟೀನು ಉಳಿಯುವುದು. ಕೊಂದರೆ ಸಾಲದು, ತೆಗೆದುಹಾಕಬೇಕು.

ಬೀಜಕಗಳಿಲ್ಲದ ಗಾಳಿಯು ಎಲ್ಲಿಯೂ ಇಲ್ಲ. ಬೂಸು ಬೆಳೆಯುವುದೋ ಇಲ್ಲವೋ ಎಂಬುದನ್ನು ನಿರ್ಣಯಿಸುವುದು ನೀರು. ಗೋಡೆಯ ಮೈಯಲ್ಲಿ ಸಾಪೇಕ್ಷ ಆರ್ದ್ರತೆಯು ನೂರಕ್ಕೆ ಎಂಬತ್ತರ ಸುಮಾರಿನಲ್ಲಿ ಕೆಲವು ದಿನಗಳವರೆಗೆ ನಿಂತರೆ ಸಾಕು. ಮಳೆಗಾಲದಲ್ಲಿ ಹೊರಗಣ ಗಾಳಿಯೇ ಇದಕ್ಕಿಂತ ತೇವವಾಗಿರುವ ಈ ಸೀಮೆಯಲ್ಲಿ ಹಳೆಯ ಮನೆಗಳು ಹೇಗೆ ಒಣಗಿದ್ದುವೆಂಬುದು ಕುತೂಹಲಕರ. ಒಂದು ಘನ ಮೀಟರು ಗಾಳಿಯು ೨೫ ಡಿಗ್ರಿ ಉಷ್ಣದಲ್ಲಿ ಸುಮಾರು ೨೩ ಗ್ರಾಂ ನೀರಾವಿಯನ್ನು ಹಿಡಿಯುವುದು. ೩೦ ಡಿಗ್ರಿಯಲ್ಲಿ ಸುಮಾರು ೩೦ ಗ್ರಾಂ. ಎಂದರೆ ಪೂರ್ತಿ ತೇವದ ಗಾಳಿಯನ್ನು ಐದು ಡಿಗ್ರಿಯಷ್ಟು ಬಿಸಿ ಮಾಡಿದರೆ ಅದರ ಆರ್ದ್ರತೆಯು ನೂರರಿಂದ ಎಪ್ಪತ್ತೈದರ ಸಮೀಪಕ್ಕೆ ಇಳಿಯುವುದು. 

ಸೌದೆಯ ಒಲೆಯ ಮೇಲಣ ಅಟ್ಟವು ಇದೇ ತತ್ತ್ವದಿಂದ ಒಣಗಿರುತ್ತಿತ್ತು. ಕಾಳುಮೆಣಸು, ಕೊಬ್ಬರಿ, ಬಿತ್ತನೆಯ ಬೀಜಗಳು ಅಲ್ಲಿ ಕಾಪಾಡಲ್ಪಡುತ್ತಿದ್ದುವು. ಮುಳಿಹುಲ್ಲಿನ ಮಾಡಿಗೂ, ೧೮೬೫ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಬಳಿಕ ಬಳಕೆಗೆ ಬಂದ ಹಂಚಿನ ಮಾಡಿಗೂ ಸಂದುಗಳಿದ್ದು ಗಾಳಿಯು ಆಡುತ್ತಿತ್ತು. ಈಗ ಒಲೆಯ ಸ್ಥಾನದಲ್ಲಿ ಅನಿಲ ಬಂದಿದೆ. ಹಂಚಿನ ಸ್ಥಾನದಲ್ಲಿ ತಾರಸಿ ಬಂದಿದೆ. ತಾರಸಿಯಲ್ಲಿ ನೀರು ನಿಂತು ಇಂಗುವುದು. ಮುರಕಲ್ಲಿನ ಗೋಡೆಯು ನೆಲದ ನೀರನ್ನು ದೀಪದ ಬತ್ತಿಯಂತೆ ಮೇಲಕ್ಕೆಳೆಯುವುದು. ಗಾಜಿನ ಕಿಟಕಿ ಮುಚ್ಚಿದ ಕೋಣೆಯಲ್ಲಿ ಒದ್ದೆ ಬಟ್ಟೆಯ ಆವಿಯು ಸೆರೆಯಾಗುವುದು. ಹಾಗೆಂದು ಹಳೆಯದನ್ನೇ ಹೊಗಳುವಂತಿಲ್ಲ. ಒಣಗಿಸುತ್ತಿದ್ದ ಆ ಒಲೆಯ ಹೊಗೆಯೇ ಹೆಂಗಸರ ಮತ್ತು ಮಕ್ಕಳ ಶ್ವಾಸಕೋಶಗಳನ್ನು ಕೆಡಿಸುತ್ತಿತ್ತು. ಹೊಗೆಯು ಹೋದುದು ಲಾಭ. ಅದರೊಡನೆ ಹೋದ ಶಾಖಕ್ಕೂ ಗಾಳಿಯಾಟಕ್ಕೂ ಬೇರೊಂದು ವ್ಯವಸ್ಥೆಯನ್ನು ಮಾಡಿಕೊಳ್ಳದಿರುವುದೇ ನಷ್ಟ.

೬

ಪರಿಹಾರದ ಕ್ರಮವನ್ನು ಅಡಿಕೆಯ ಕೃಷಿಕರಿಗೆ ಹೊಸದಾಗಿ ಕಲಿಸಬೇಕಾಗಿಲ್ಲ. ಮೈಸೂರು ಸಂಸ್ಥಾನದ ಸಸ್ಯರೋಗತಜ್ಞನಾದ ಲೆಸ್ಲಿ ಕೋಲ್ಮನ್ನನು ೧೯೧೦ರಲ್ಲಿ ಅಡಿಕೆಯ ಕೊಳೆರೋಗವನ್ನು ಕುರಿತು ಬರೆದ ಕಾಲದಿಂದಲೂ, ಸುಣ್ಣ ಮೈಲುತುತ್ತುಗಳ ಬೋರ್ಡೋ ದ್ರಾವಣವನ್ನು ರೋಗ ಬಂದ ಮೇಲಲ್ಲ, ಮಳೆ ಬಲಿಯುವ ಮೊದಲೇ ಗೊನೆಗೆ ಬಿಡಬೇಕೆಂಬುದು ತಿಳಿದ ಸಂಗತಿ. ತೋಟಕ್ಕೆ ಮದ್ದು ಬಿಡುವ ಈ ಮುಂಜಾಗ್ರತೆಯು ಮನೆಗೂ ಸಲ್ಲಬೇಕು. (ಕೊಳೆರೋಗದ ಜೀವಿಯು ಮನುಷ್ಯನಿಗೆ ಅಲರ್ಜಿಯನ್ನುಂಟುಮಾಡುವುದಲ್ಲ, ಆ ದ್ರಾವಣವೂ ಮನೆಯೊಳಗಿನ ಬಳಕೆಗೆ ತಕ್ಕುದಲ್ಲ. ಇಲ್ಲಿ ಹೋಲಿಕೆಯು ಕಾಲಕ್ಕೆ ಮಾತ್ರ ಸಂಬಂಧಿಸಿದುದು.)

ಮೇ ತಿಂಗಳಿನಲ್ಲಿ ಮಾಡಿನ ಒಡೆದ ಹಂಚು, ತಾರಸಿಯ ಬಿರುಕು, ನೀರಿನ ಕೊಳವೆಯ ಸೋರಿಕೆ, ಗೋಡೆಯ ಬುಡದಲ್ಲಿ ನೀರು ನಿಲ್ಲುವ ಜಾಗ ಇವನ್ನು ಸರಿಪಡಿಸುವುದು ಮೊದಲ ಕೆಲಸ. ತಾರಸಿಯ ಮೇಲೆ ತಗಡಿನ ಮಾಡನ್ನು ಹಾಕುವ ಈಚಿನ ರೂಢಿಯು ಅಡಿಕೆ ಒಣಗಿಸುವುದಕ್ಕಲ್ಲದೆ ಗೋಡೆಯನ್ನು ಒಣಗಿಡುವುದಕ್ಕೂ ಉಪಕಾರಿ. ಗೋಡೆಗೆ ಸುಣ್ಣ ಬಳಿಯುವ ಹಳೆಯ ಪದ್ಧತಿಯಲ್ಲಿ ಅರ್ಥವಿದೆ. ಸುಣ್ಣದ ಕ್ಷಾರಗುಣವು ಬೂಸಿಗೆ ಪ್ರತಿಕೂಲ, ಮತ್ತು ಅದು ಗೋಡೆಯ ಉಸಿರಾಟವನ್ನು ತಡೆಯದು. ಒದ್ದೆ ಗೋಡೆಯ ಮೇಲೆ ಎಣ್ಣೆಬಣ್ಣ ಹಚ್ಚಿದರೆ ಬೂಸು ಮುಚ್ಚಿಹೋಗುವುದು, ಅಳಿದುಹೋಗದು.

ಮಳೆಗಾಲದಲ್ಲಿ ಒದ್ದೆಯಾದುದನ್ನು ಒಂದೆರಡು ದಿನಗಳೊಳಗೆ ಒಣಗಿಸಬೇಕು. ಮಲಗುವ ಕೋಣೆಯಲ್ಲಿ ಬಟ್ಟೆ ಹರವಬಾರದು. ಬಚ್ಚಲಿನ ಹಂಡೆಯ ಸಮೀಪವೋ, ಗಾಳಿಯಾಡುವ ಜಗಲಿಯೋ ಅದಕ್ಕೆ ತಕ್ಕ ಜಾಗ. ಮಂಚ, ಕಪಾಟುಗಳನ್ನು ಹೊರಗೋಡೆಯಿಂದ ಒಂದು ಗೇಣು ದೂರ ಸರಿಸಬೇಕು. ಮಳೆ ಬಿಟ್ಟ ಹೊತ್ತಿನಲ್ಲಿ ಎದುರುಬದುರಿನ ಕಿಟಕಿಗಳನ್ನು ತೆರೆಯಬೇಕು. ಮಂಜಿನಂತೆ ಮಳೆ ಹನಿಯುವಾಗ ತೆರೆದಿಟ್ಟರೆ ತೇವವೇ ಒಳಬರುವುದು. ಅಡುಗೆಯ ಮತ್ತು ಸ್ನಾನದ ಆವಿಯು ನೇರವಾಗಿ ಹೊರಗೆ ಹೋಗಲು ದಾರಿಯಿರಬೇಕು. ಆರ್ದ್ರತೆಯನ್ನಳೆಯುವ ಚಿಕ್ಕ ಯಂತ್ರವು ಸ್ವಲ್ಪ ಬೆಲೆಗೆ ದೊರೆಯುವುದು. ಕೋಣೆಯಲ್ಲಿ ಅದು ಅರುವತ್ತರೊಳಗಿದ್ದರೆ ಉತ್ತಮ. ಘೋರ ಮಳೆಗಾಲದಲ್ಲಿ ಇದು ಎಲ್ಲ ಕೋಣೆಗಳಲ್ಲಿ ಸಾಧ್ಯವಾಗದಿದ್ದರೆ ಉಬ್ಬಸವುಳ್ಳವರು ಮಲಗುವ ಒಂದು ಕೋಣೆಯನ್ನಾದರೂ ಒಣಗಿಡಲು ಪ್ರಯತ್ನಿಸಬೇಕು.

ಬೂಸು ಬಂದ ಮೇಲೆ ಒಣ ಪೊರಕೆಯಿಂದ ಕೊಡವಬಾರದು. ಹಾಗೆ ಮಾಡಿದರೆ ಬೀಜಕಗಳು ಕೋಣೆಯ ತುಂಬ ಹರಡುವುವು. ಮೂಗುಬಾಯಿಗಳಿಗೆ ಒಳ್ಳೆಯ ಮುಖಗವಸನ್ನು ಹಾಕಿಕೊಂಡು, ಸಾಬೂನು ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಒಣಗಿಸಬೇಕು. ಬೂಸು ಆಳಕ್ಕಿಳಿದ ಹತ್ತಿಯ ಹಾಸಿಗೆ, ದಿಂಬು, ಚಾಪೆಗಳನ್ನು ಉಳಿಸಿಕೊಳ್ಳುವ ಆಸೆಯನ್ನು ಬಿಡುವುದೇ ಲೇಸು. ಬಿಳುಪುಕಾರಿ ದ್ರಾವಣವನ್ನು ಬಳಸುವವರು ಅದನ್ನು ಆಮ್ಲದೊಡನೆ ಬೆರೆಸಲೇಬಾರದು, ವಿಷಾನಿಲ ಹುಟ್ಟುವುದು. ಉಬ್ಬಸವುಳ್ಳವರು ಈ ಕೆಲಸಕ್ಕೂ, ಬೂಸು ಬಂದ ಅಡಿಕೆ ಸುಲಿಯುವ, ಹಳೆಯ ಬೈಹುಲ್ಲಿನ ಬಣವೆ ಬಿಡಿಸುವ ಕೆಲಸಗಳಿಗೂ ಕೈಹಾಕದಿರುವುದು ಕ್ಷೇಮ. ಪುಸ್ತಕಗಳ ಕಪಾಟನ್ನು ಒಳಗೋಡೆಗೆ ಇಟ್ಟು, ಪುಸ್ತಕಗಳ ಹಿಂದೆ ಗಾಳಿಗೆ ಎಡೆ ಬಿಡಬೇಕು. ತಾಳೆಯ ಗರಿಯ ಗ್ರಂಥಗಳನ್ನು ಕಾಲಕಾಲಕ್ಕೆ ಬಿಚ್ಚಿ ಒರೆಸಿ ಬಟ್ಟೆಯಲ್ಲಿ ಕಟ್ಟಿಡುತ್ತಿದ್ದ ಪೂರ್ವಿಕರ ಆಚಾರವು ಗ್ರಂಥಕ್ಕೂ ಓದುವವನ ಶ್ವಾಸಕೋಶಕ್ಕೂ ಹಿತವಾದುದು.

೭

ಎಲೆಯೂ ಗೋಡೆಯೂ ಸಂಧಿಸುವ ಒಂದು ಸ್ಥಳವುಂಟು: ಬೂಸು ಬಂದ ಆಹಾರ. ಇಲ್ಲಿ ಮುಖ್ಯವಾದುದು ಅಲರ್ಜಿಯಲ್ಲ, ವಿಷ. ೧೯೬೦ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತಾಗ, ಅವುಗಳ ಮೇವಿನ ನೆಲಗಡಲೆಯಲ್ಲಿ ಬೆಳೆದ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಸಿನ ‘ಅಫ್ಲಟಾಕ್ಸಿನ್’ ವಿಷವು ಬೆಳಕಿಗೆ ಬಂದಿತು. ಕೊಬ್ಬರಿ, ನೆಲಗಡಲೆ, ಒಣಮೆಣಸು ಇವುಗಳಲ್ಲಿಯೂ ಅದು ಹುಟ್ಟಬಹುದು. ಮೇಲಣ ಬೂಸನ್ನು ಒರೆಸಿ, ಬಿಸಿಲಿಗೆ ಹಾಕಿ ಬಳಸಿದರೆ ಕಣ್ಣಿಗೆ ಕಾಣುವುದು ಹೋಗುವುದೇ ಹೊರತು ವಿಷವು ಹೋಗದು. ಅಡುಗೆಯ ಶಾಖವೂ ಅದನ್ನು ಪೂರ್ಣವಾಗಿ ಕೆಡಿಸದು. ಯಕೃತ್ತಿನ ಅರ್ಬುದಕ್ಕೆ ಕಾರಣವಾಗಬಲ್ಲ ಈ ವಿಷದ ಮುಂದೆ ಒಂದು ಹೋಳು ಕೊಬ್ಬರಿಯ ಉಳಿತಾಯವು ದೊಡ್ಡದಲ್ಲ.

ಮೇಲಿನ ವಿವೇಚನೆಯಿಂದ ಸಿದ್ಧವಾಗುವುದಿಷ್ಟು. ‘ಒಗ್ಗದು’ ಎಂಬ ಒಂದು ಮಾತಿನ ಕೆಳಗೆ ಹರಳಿನ ಚುಚ್ಚು, ಹಳಸಿದ ಮೀನಿನ ವಿಷ, ಕಿಣ್ವದ ಕೊರತೆ, ಸೊನೆಯ ಗುಳ್ಳೆ, ಐಜಿಇಯ ಅಲರ್ಜಿ, ಬೂಸಿನಿಂದಾದ ಉಬ್ಬಸ ಎಂಬ ಆರು ಬೇರೆ ಬೇರೆ ಸಂಗತಿಗಳು ಅಡಗಿವೆ. ಒಂದೊಂದಕ್ಕೂ ಪರಿಹಾರವು ಬೇರೆ. ಆಹಾರದ ಅಲರ್ಜಿಯು ಸ್ವಲ್ಪ ಜನರಲ್ಲಿದ್ದರೂ ಅವರಿಗೆ ಅದು ಪ್ರಾಣದ ಪ್ರಶ್ನೆ. ಅವರ ಮಾತನ್ನು ಹಗುರವಾಗಿ ತೆಗೆದುಕೊಳ್ಳಲಾಗದು. ಇತರರಲ್ಲಿ ಮಳೆಗಾಲದುದ್ದಕ್ಕೂ ಬಿಡದಿರುವ ಕೆಮ್ಮು ಉಬ್ಬಸಗಳಿಗೆ ಬಾಳೆಹಣ್ಣನ್ನೂ ಮೊಸರನ್ನೂ ದೂರುವ ಮೊದಲು ಹಾಸಿಗೆಯನ್ನು ಎತ್ತಿ, ಕಪಾಟನ್ನು ಸರಿಸಿ, ಗೋಡೆಯನ್ನು ಮುಟ್ಟಿ ನೋಡುವುದು ಉಚಿತ. ಪಥ್ಯವೆಂಬ ಶಬ್ದವು ದಾರಿ ಎಂಬರ್ಥದ ‘ಪಥ’ದಿಂದ ಬಂದುದು, ದಾರಿಗೆ ಹಿತವಾದುದೇ ಪಥ್ಯ. ತಿನ್ನುವ ಅನ್ನಕ್ಕೆ ಸಲ್ಲುವ ಆ ಮಾತು ಉಸಿರಾಡುವ ಗಾಳಿಗೂ ಸಲ್ಲತಕ್ಕುದು.